ಛಾಯಾಚಿತ್ರದಲ್ಲಿ ಅಭಾವವಿಚಾರ

ಒಂದು ಬಯಲಿನ ಛಾಯಾಚಿತ್ರವನ್ನು ಮುಂದಿಟ್ಟು, “ನೋಡಿರಿ, ಆ ದಿನ ಇಲ್ಲಿ ಯಾರೂ ಇರಲಿಲ್ಲ” ಎಂದು ಒಬ್ಬನು ವಾದಿಸಿದರೆ ಆ ಮಾತನ್ನು ನಾವು ಒಪ್ಪತಕ್ಕದ್ದೋ ಅಲ್ಲವೋ? ಅದೇ ಬಯಲಿನಲ್ಲಿ ನೆರೆದ ನೂರು ಜನರ ಚಿತ್ರವನ್ನು ತೋರಿಸಿ, “ಇಲ್ಲಿ ನೂರು ಜನರಿದ್ದರು” ಎಂದಿದ್ದರೆ ನಮಗೆ ಅಷ್ಟಾಗಿ ಸಂಶಯ ಹುಟ್ಟುತ್ತಿರಲಿಲ್ಲ. ಇದ್ದುದಕ್ಕೆ ಛಾಯಾಚಿತ್ರವು ಸಾಕ್ಷಿಯೆಂದು ಲೋಕವು ಬಹುಕಾಲದಿಂದ ನಂಬಿಕೊಂಡು ಬಂದಿದೆ. ಇಲ್ಲದ್ದಕ್ಕೂ ಅದು ಸಾಕ್ಷಿಯಾದೀತೇ ಎಂಬುದು ಬೇರೆಯೇ ಪ್ರಶ್ನೆ. ಇದು ಕೇವಲ ತಾರ್ಕಿಕರ ವಿನೋದಕ್ಕೆ ಸೇರಿದ ಪ್ರಶ್ನೆಯೂ ಅಲ್ಲ. ಸಭೆಗೆ ಜನ ಬಂದಿರಲಿಲ್ಲವೆಂದು, ಕೆರೆಯ ಅಂಗಳದಲ್ಲಿ ಗುಡಿಸಲುಗಳೇ ಇರಲಿಲ್ಲವೆಂದು, ಇಂಥವನು ಇಂಥವನ ಪಕ್ಕದಲ್ಲಿ ಎಂದೂ ನಿಂತಿರಲಿಲ್ಲವೆಂದು ಸಾಧಿಸುವುದಕ್ಕಾಗಿ ಚಿತ್ರಗಳನ್ನು ಮುಂದೊಡ್ಡುವ ಕಾಲವಿದು. ಒಬ್ಬನ ಮನೆ, ಮಾನ, ಕೆಲವೊಮ್ಮೆ ಪ್ರಾಣವೂ ‘ಇಲ್ಲ’ ಎಂಬ ಎರಡಕ್ಷರದ ಮೇಲೆ ನಿಂತಿರುತ್ತದೆ.

ಈ ಎರಡಕ್ಷರವನ್ನು ಕುರಿತು ನಮ್ಮ ಶಾಸ್ತ್ರಕಾರರು ಮಾಡಿದ ಚರ್ಚೆ ಅಪಾರವಾದದ್ದು. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯಗಳನ್ನು ಎಣಿಸಿದ ಮೇಲೆ ಏಳನೆಯ ಪದಾರ್ಥವಾಗಿ ಅಭಾವವು ಬರುತ್ತದೆ. ನೆಲದ ಮೇಲೆ ಗಡಿಗೆಯಿಲ್ಲ ಎನ್ನುವಾಗ, ಯಾವುದು ಇಲ್ಲವೋ ಆ ಗಡಿಗೆಯು ಪ್ರತಿಯೋಗಿ. ಎಲ್ಲಿ ಇಲ್ಲವೋ ಆ ನೆಲವು ಅಧಿಕರಣ. ಪ್ರತಿಯೋಗಿಯ ಅರಿವಿಲ್ಲದವನಿಗೆ ಅಭಾವದ ಅರಿವೂ ಇಲ್ಲ. ಗಡಿಗೆಯನ್ನೇ ಕಂಡರಿಯದ ಕೂಸು ಬರಿನೆಲವನ್ನು ನೋಡಿ ನೆಲವೆಂದೀತೇ ಹೊರತು ಗಡಿಗೆಯಿಲ್ಲವೆನ್ನಲಾರದು. ಇಷ್ಟರಮಟ್ಟಿಗೆ ಹೆಚ್ಚು ಜಗಳವಿಲ್ಲ. ಮುಂದೆ ಮತಗಳು ಒಡೆಯುತ್ತವೆ. ಅಭಾವವೂ ಕಣ್ಣಿಗೇ ಗೋಚರವೆಂದು ನೈಯಾಯಿಕರು. ಕಣ್ಣಿಗಲ್ಲ, ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣದಿಂದಲೇ ಅದು ತಿಳಿಯತಕ್ಕದ್ದೆಂದು ಭಾಟ್ಟಮೀಮಾಂಸಕರು. ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಇರುವುದು ಬರಿಯ ನೆಲವೊಂದೇ ಎಂದು ಪ್ರಾಭಾಕರರು. ಈ ವಿವಾದವನ್ನು ಇಲ್ಲಿ ತೀರಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಹೇಳಬಹುದು: ಕ್ಯಾಮರಾ ಎಂಬ ಯಂತ್ರವು ಅಚ್ಚ ಪ್ರಾಭಾಕರ. ಗಡಿಗೆಯಿಲ್ಲದ ನೆಲವನ್ನು ಅದು ನೆಲವೆಂದು ಮಾತ್ರ ಗ್ರಹಿಸುತ್ತದೆ. ‘ಇಲ್ಲ’ ಎಂಬುದನ್ನು ಸೇರಿಸುವವನು ಚಿತ್ರವನ್ನು ನೋಡುವವನು, ಅಥವಾ ತೋರಿಸುವವನು.

ಆ ಯಂತ್ರದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಅದರ ಹೊಟ್ಟೆಯಲ್ಲಿ ನಮ್ಮ ಇನ್ನೊಂದು ಹಳೆಯ ವಾದವೂ ಅಡಗಿದೆ. ಇಂಗ್ಲೆಂಡಿನ ಲೇಕಾಕ್ ಆಬಿ ಎಂಬ ತನ್ನ ಮನೆಯಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ನೆಯ ಆಗಸ್ಟಿನಲ್ಲಿ ಒಂದು ಕಿಟಕಿಯ ಚಿತ್ರವನ್ನು ತೆಗೆದನು. ಉಪ್ಪಿನ ನೀರಿನಲ್ಲೂ ಬೆಳ್ಳಿಯ ಲವಣದಲ್ಲೂ ಅದ್ದಿ ಒಣಗಿಸಿದ ಕಾಗದವದು. ಚಿತ್ರದ ಗಾತ್ರ ಒಂದು ಅಂಚೆ ಚೀಟಿಯಷ್ಟು. ಬೆಳಕು ಬಿದ್ದ ಗಾಜಿನ ಚೌಕಗಳು ಅದರಲ್ಲಿ ಕಪ್ಪಾದವು. ಬೆಳಕನ್ನು ತಡೆದ ಚೌಕಟ್ಟು ಬಿಳಿಯಾಗಿ ಉಳಿಯಿತು. ಮಸೂರವನ್ನು ಹಿಡಿದು ನೋಡಿದರೆ ಸುಮಾರು 200 ಚೌಕಗಳನ್ನು ಎಣಿಸಬಹುದಾಗಿತ್ತೆಂದು ಟಾಲ್ಬಟ್ ಬರೆದಿಟ್ಟಿದ್ದಾನೆ. ಇಂಥ ತಿರುವುಮುರುವಾದ ಚಿತ್ರಕ್ಕೆ ನೆಗೆಟಿವ್ ಎಂದೂ, ಅದರಿಂದ ಮತ್ತೊಂದು ಕಾಗದಕ್ಕೆ ಇಳಿಸಿದ ಸರಿಯಾದ ಚಿತ್ರಕ್ಕೆ ಪಾಸಿಟಿವ್ ಎಂದೂ 1840ರಲ್ಲಿ ಹೆಸರಿಟ್ಟವನು ಸರ್ ಜಾನ್ ಹರ್ಷೆಲ್. ಋಣ, ಧನ ಎಂದು ನಾವು ಅನುವಾದಿಸಬಹುದಿತ್ತು. ಆದರೆ ಸ್ಟುಡಿಯೋದವರ ಬಾಯಲ್ಲಿ ನೆಗೆಟಿವ್ ಎಂಬುದೇ ನಿಂತಿತು, ನಿಲ್ಲಲಿ.

ಬೆಳಕು ತಗಲಿದಲ್ಲಿ ಲವಣವು ಒಡೆದು ಬೆಳ್ಳಿಯ ಸೂಕ್ಷ್ಮಕಣಗಳಾಗಿ ಕಪ್ಪಾಗುತ್ತದೆ. ತಗಲದಿದ್ದಲ್ಲಿ ಉಳಿದ ಲವಣವನ್ನು ಹೈಪೋ ದ್ರವದಲ್ಲಿ ಕರಗಿಸಿ ತೊಳೆದುಬಿಡುತ್ತಾರೆ. ಆದಕಾರಣ ನೆಗೆಟಿವಿನಲ್ಲಿ ಕತ್ತಲೆಯಿದ್ದ ಜಾಗವು ಬರಿದು. ಅದರ ಮೂಲಕ ಮತ್ತೆ ಬೆಳಕನ್ನು ಹಾಯಿಸಿದಾಗ ಆ ಬರಿದಾದ ಜಾಗದಲ್ಲೇ ಬೆಳಕು ಹೆಚ್ಚಾಗಿ ನುಗ್ಗಿ, ಕೆಳಗಿನ ಕಾಗದದಲ್ಲಿ ಬೆಳ್ಳಿಯು ದಟ್ಟವಾಗಿ ನಿಲ್ಲುತ್ತದೆ. ಕರಿಯ ಕೋಟು ತೊಟ್ಟ ಗೃಹಸ್ಥನ ಚಿತ್ರದಲ್ಲಿ ಅತಿ ಹೆಚ್ಚು ಬೆಳ್ಳಿಯಿರುವುದು ಆ ಕೋಟಿನಲ್ಲಿ. ಕತ್ತಲೆಯು ದ್ರವ್ಯವೋ ತೇಜಸ್ಸಿನ ಅಭಾವವೋ ಎಂಬ ವಾದ ನಮ್ಮಲ್ಲಿ ಶತಮಾನಗಳ ಕಾಲ ನಡೆಯಿತು. ದ್ರವ್ಯವೆಂದ ಮೀಮಾಂಸಕರು ಈ ಕಾಗದವನ್ನು ಕಂಡಿದ್ದರೆ, ಎಷ್ಟು ಕತ್ತಲೆಯೋ ಅಷ್ಟು ಬೆಳ್ಳಿಯೆಂದು ತಕ್ಕಡಿಯಲ್ಲಿ ತೂಗಿ ತೋರಿಸುತ್ತಿದ್ದರು! ಆ ಬೆಳ್ಳಿಯು ಕತ್ತಲೆಯಲ್ಲ, ಕತ್ತಲೆಗೆ ಇಟ್ಟ ಗುರುತೆಂದು ನೈಯಾಯಿಕರು ಉತ್ತರ ಕೊಡುತ್ತಿದ್ದರು. ಅದು ಸರಿಯಾದ ಉತ್ತರವೇ. ಗ್ರೀಕ್ ಮಾತುಗಳಿಂದ ಕಟ್ಟಿದ ಫೋಟೋಗ್ರಾಫ್ ಎಂಬ ಹೆಸರಿಗೆ ಬೆಳಕಿನ ಬರಹವೆಂದು ಅರ್ಥ. ನಾವು ಅದನ್ನೇ ನೆರಳಿನ ಚಿತ್ರವೆಂದು ಕರೆದೆವು.

ಬೆಳಕಿಲ್ಲದಿರುವಿಕೆಯೂ ಹೀಗೆ ಗುರುತನ್ನು ಬಿಡುವುದರಿಂದ, ಮನುಷ್ಯನಿಲ್ಲದಿರುವಿಕೆಯೂ ಚಿತ್ರದಲ್ಲಿ ಗುರುತು ಬಿಟ್ಟೀತೆಂಬ ಭ್ರಮೆ ನಮಗುಂಟಾಗುತ್ತದೆ. ಚಿತ್ರವಿದ್ಯೆಯವರು ವಸ್ತುವಿನ ಸುತ್ತ ಬಿಟ್ಟ ಬರಿಯ ಜಾಗವನ್ನು ಕೂಡ ನೆಗೆಟಿವ್ ಎಂಬ ಇದೇ ವಿಶೇಷಣದಿಂದಲೇ ಕರೆಯುತ್ತಾರೆ. ಒಂಟಿ ಮರದ ಸುತ್ತಣ ಆಕಾಶ, ದೋಣಿಯ ಸುತ್ತಣ ನೀರು, ಮುದುಕಿಯ ಹಿಂದಿನ ಸುಣ್ಣದ ಗೋಡೆ, ಇವು ಚಿತ್ರಕ್ಕೆ ಉಸಿರನ್ನು ಕೊಡುತ್ತವೆಂದು ಅವರ ಮತ. ನನ್ನ ಮತವೂ ಅದೇ. ಆದರೆ ಆ ಬರಿಜಾಗವು ಕೆಲವೊಮ್ಮೆ ಯಂತ್ರದ ಕುರುಡಿನಿಂದಲೇ ಹುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ಲೇಪಗಳಿಗೆ ನೀಲಿಬಣ್ಣದ ಮೇಲೆ ಅತಿಯಾದ ಒಲವು. ನೆಲವು ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶವೆಲ್ಲ ಮೋಡಸಹಿತವಾಗಿ ಅಳಿಸಿಹೋಗಿ ಬಿಳಿಯ ಗೋಡೆಯಂತಾಗುತ್ತಿತ್ತು. 1854ರಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳನ್ನು ಚಿತ್ರಿಸಿದ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು, ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವುಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದನು. ಇದು ಸುಳ್ಳೇ ಎಂದು ಕೇಳಿದರೆ, ಅಲ್ಪದೋಷವೆಂದು ಹೇಳಿಬಿಡುತ್ತೇನೆ. ಬಿಳಿಯ ಆಕಾಶವೂ ನಿಜವಾಗಿರಲಿಲ್ಲವಷ್ಟೆ.

ಇಲ್ಲಿ ಶಾಸ್ತ್ರದ ಒಂದು ನಿಯಮವು ಬಹಳ ಉಪಕಾರಕವಾಗಿದೆ. ಕಾಣಲಿಲ್ಲವಾದ್ದರಿಂದ ಇಲ್ಲ ಎಂದು ಹೇಳಬೇಕಾದರೆ, ಇದ್ದಿದ್ದರೆ ಕಾಣತಕ್ಕದ್ದೇ ಆಗಿತ್ತು ಎಂಬುದನ್ನು ಮೊದಲು ತೋರಿಸಬೇಕು. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಹಗಲಿನಲ್ಲಿ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಇಲ್ಲವೆನ್ನಬಹುದು; ಅಮಾವಾಸ್ಯೆಯ ರಾತ್ರಿಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ; ಪಿಶಾಚವು ಎಂದೂ ಕಾಣುವಂಥದಲ್ಲವಾದ್ದರಿಂದ ಅದರ ಮಾತೇ ಬೇಡ. ಛಾಯಾಚಿತ್ರಕ್ಕೆ ಇದನ್ನು ಅನ್ವಯಿಸಿ ನೋಡೋಣ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ರಾಜಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದನು. ಸಾಲುಮರಗಳು, ಮನೆಗಳ ಮಾಡುಗಳು, ಹೊಗೆಗೂಡುಗಳು ಎಲ್ಲವೂ ಸ್ಪಷ್ಟ. ಬೀದಿ ಮಾತ್ರ ಸ್ಮಶಾನದಂತೆ ನಿರ್ಜನ. ಆದರೆ ಅದು ಗಾಡಿಕುದುರೆಗಳೂ ಜನರೂ ಕಿಕ್ಕಿರಿದು ಓಡಾಡುವ ಬೀದಿ. ಫಲಕಕ್ಕೆ ಹಲವು ನಿಮಿಷಗಳ ಕಾಲ ಬೆಳಕನ್ನು ಕೊಡಬೇಕಾಗಿದ್ದುದರಿಂದ ಚಲಿಸಿದವರಾರೂ ಅದರಲ್ಲಿ ನಿಲ್ಲಲಿಲ್ಲ. ಬೂಟಿಗೆ ಪಾಲಿಶು ಮಾಡಿಸಿಕೊಳ್ಳುತ್ತ ಕಾಲು ಕದಲಿಸದೆ ನಿಂತ ಒಬ್ಬ ಪುರುಷನು ಮಾತ್ರ ಮೂಲೆಯಲ್ಲಿ ಉಳಿದನು. ಪಾಲಿಶು ಮಾಡುತ್ತಿದ್ದವನು ಅರ್ಧಂಬರ್ಧ ಉಳಿದನು. ಕೈಯಾಡಿಸಿ ದುಡಿದವನು ಮಸುಕು, ಸೇವೆ ಪಡೆದವನು ಸ್ಪಷ್ಟ! ಈ ಚಿತ್ರವನ್ನು ಹಿಡಿದು, ಆ ಹಗಲು ಬೀದಿಯಲ್ಲಿ ಜನರಿರಲಿಲ್ಲವೆಂದು ವಾದಿಸುವುದು ಅಮಾವಾಸ್ಯೆಯ ಗಡಿಗೆಯ ನ್ಯಾಯವೇ ಸರಿ.

ಯೋಗ್ಯತೆಯಿದ್ದ ಕಡೆಯಲ್ಲೂ ಸಂಕಟ ಮುಗಿಯುವುದಿಲ್ಲ. ಇದಕ್ಕೆ ರೋಜರ್ ಫೆಂಟನ್ ಎಂಬ ಆಂಗ್ಲೇಯನ ಎರಡು ಚಿತ್ರಗಳಿಗಿಂತ ಉತ್ತಮವಾದ ಉದಾಹರಣೆ ನನಗೆ ತಿಳಿಯದು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855ನೆಯ ವಸಂತದಲ್ಲಿ, ದ್ರಾಕ್ಷಾರಸದ ವ್ಯಾಪಾರಿಯ ಹಳೆಯ ಗಾಡಿಯೊಂದನ್ನು ಕತ್ತಲೆಕೋಣೆಯಾಗಿ ಮಾರ್ಪಡಿಸಿಕೊಂಡು ಅವನು ಸೆವಾಸ್ತೊಪೋಲಿನ ಮುತ್ತಿಗೆಯ ಕಡೆಗೆ ಹೋದನು. ಗಾಜಿನ ಫಲಕಕ್ಕೆ ಹಸಿಲೇಪವನ್ನು ಹಚ್ಚಿ, ಅದು ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಾದ ಕಾಲವದು. ರಷ್ಯದವರ ಫಿರಂಗಿಯ ಗುಂಡುಗಳು ಉರುಳಿ ಬಂದು ಬೀಳುತ್ತಿದ್ದ ಒಂದು ಕಣಿವೆಗೆ ಸಿಪಾಯಿಗಳು ‘ಮೃತ್ಯುವಿನ ನೆರಳಿನ ಕಣಿವೆ’ ಎಂಬ ಹೆಸರನ್ನಿಟ್ಟಿದ್ದರು. ಏಪ್ರಿಲ್ ತಿಂಗಳಲ್ಲಿ ಫೆಂಟನ್ ಅಲ್ಲಿ ಒಂದೇ ಕಡೆ ಯಂತ್ರವನ್ನಿಟ್ಟು ಎರಡು ಚಿತ್ರಗಳನ್ನು ತೆಗೆದನು. ಒಂದರಲ್ಲಿ ರಸ್ತೆಯ ತುಂಬ ಗುಂಡುಗಳು ಚೆಲ್ಲಿವೆ. ಇನ್ನೊಂದರಲ್ಲಿ ಗುಂಡುಗಳೆಲ್ಲ ಪಕ್ಕದ ಹಳ್ಳದಲ್ಲಿವೆ, ರಸ್ತೆ ಬರಿದು. ಎರಡರಲ್ಲೂ ಮನುಷ್ಯನ ಸುಳಿವಿಲ್ಲ.

ಬರಿದಾದ ರಸ್ತೆಯ ಚಿತ್ರವೊಂದೇ ಉಳಿದಿದ್ದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅದೊಂದು ರಸ್ತೆ, ಅಷ್ಟೇ. ಇನ್ನೊಂದನ್ನು ಕಂಡವನಿಗೆ ಮಾತ್ರ ಅದು ‘ಗುಂಡುಗಳಿಲ್ಲದ ರಸ್ತೆ’ಯಾಗುತ್ತದೆ. ಪ್ರತಿಯೋಗಿಯ ಜ್ಞಾನವೆಂದರೆ ಇದೇ. ಈಗ ಪ್ರಶ್ನೆ ಬರುತ್ತದೆ: ಯಾವುದು ಮೊದಲು? ಬರಿದಾದ ರಸ್ತೆಯೇ ಮೊದಲಾದರೆ ಅಲ್ಲಿರುವುದು ಪ್ರಾಗಭಾವ, ಎಂದರೆ ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಗುಂಡುಗಳಿದ್ದದ್ದು ಮೊದಲಾದರೆ ಇನ್ನೊಂದರಲ್ಲಿರುವುದು ಪ್ರಧ್ವಂಸಾಭಾವ, ಎಂದರೆ ಹೋದ ಮೇಲಿನ ಇಲ್ಲದಿರುವಿಕೆ. ಗುಂಡುಗಳು ನಾಶವಾಗದೆ ಬರಿದೆ ಸರಿದಿರುವಾಗ ಪ್ರಧ್ವಂಸವೆಲ್ಲಿಂದ ಬಂತೆಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ರಸ್ತೆಗೂ ಗುಂಡಿಗೂ ಇರುವ ಸಂಯೋಗವನ್ನು ಪ್ರತಿಯೋಗಿಯಾಗಿ ಇಟ್ಟುಕೊಂಡರೆ ಆಕ್ಷೇಪ ನಿಲ್ಲುವುದಿಲ್ಲ. ಸಂಯೋಗವು ಹುಟ್ಟುವಂಥದೂ ಅಳಿಯುವಂಥದೂ ಆಗಿದೆಯಷ್ಟೆ. ಕಣ್ಣಿಗೆ ಎರಡು ಅಭಾವಗಳೂ ಒಂದೇ. ನೀತಿಯ ದೃಷ್ಟಿಯಲ್ಲಿ ಅವುಗಳಿಗೆ ಅಜಗಜಾಂತರ. ಮೊದಲನೆಯದಾದರೆ, ಯಾರೋ ಗುಂಡುಗಳನ್ನು ಹಳ್ಳದಿಂದೆತ್ತಿ ತಂದು, ಭಯಂಕರವಾಗಿ ಕಾಣಲೆಂದು ರಸ್ತೆಯ ಮೇಲೆ ಹರಡಿದ್ದಾರೆ. ಎರಡನೆಯದಾದರೆ, ಬಿದ್ದ ಗುಂಡುಗಳನ್ನು ಮತ್ತೆ ಹಾರಿಸುವುದಕ್ಕಾಗಿ ಸಿಪಾಯಿಗಳು ಆರಿಸಿ ಒಯ್ದಿದ್ದಾರೆ. ಫೆಂಟನ್ನನ ಮೇಲೆ ಯಾವ ತಪ್ಪೂ ಇಲ್ಲ. ಸತ್ತು ಶತಮಾನ ಕಳೆದ ಒಬ್ಬನ ಪ್ರಾಮಾಣಿಕತೆಯು ಒಂದು ಬರಿರಸ್ತೆಯ ಪೌರ್ವಾಪರ್ಯವನ್ನು ಅವಲಂಬಿಸಿ ನಿಂತಿತು.

ಅವನು ಮನೆಗೆ ಬರೆದ ಕಾಗದದಲ್ಲಿ ಗುಂಡುಗಳನ್ನು ಸರಿಸಿದ ಮಾತಿಲ್ಲ. ಆದರೂ 2003ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್, ಯುದ್ಧಚಿತ್ರಗಳನ್ನು ಕುರಿತ ತಮ್ಮ ಪುಸ್ತಕದಲ್ಲಿ, ಗುಂಡುಗಳನ್ನು ಫೆಂಟನ್ನನೇ ಹರಡಿಸಿದನೆಂಬ ಅಭಿಪ್ರಾಯವನ್ನು ಬರೆದರು. ಅದನ್ನು ಓದಿದ ಎರಲ್ ಮಾರಿಸ್ ಎಂಬ ಚಲಚ್ಚಿತ್ರಕಾರರು, ಇದು ಇವರಿಗೆ ತಿಳಿದದ್ದಾದರೂ ಹೇಗೆ ಎಂದು ಹಟ ಹಿಡಿದರು. ಸತ್ತವನ ಮನಸ್ಸಿನಲ್ಲಿ ಇಂಥ ಆಸೆಯಿತ್ತೆಂದು ಕಲ್ಪಿಸಿ, ಆ ಕಲ್ಪನೆಯಿಂದ ಚಿತ್ರಗಳ ಕ್ರಮವನ್ನು ನಿರ್ಣಯಿಸುವುದು ತರ್ಕವಲ್ಲವೆಂಬುದು ಅವರ ವಾದ. ಅದರಲ್ಲಿ ನನ್ನ ಸಂಪೂರ್ಣ ಸಮ್ಮತಿಯಿದೆ. ಅವರು ಕ್ರಿಮಿಯಾಕ್ಕೇ ಹೋಗಿ ಆ ಸ್ಥಳವನ್ನು ಹುಡುಕಿದರು. ಗುಂಡುಗಳ ನೆರಳನ್ನು ಅಳೆದು ಹೊತ್ತನ್ನು ಗೊತ್ತುಮಾಡಲು ಯತ್ನಿಸಿದರು. ಕೊನೆಗೆ ತೀರ್ಪು ಬಂದದ್ದು ಗುಂಡುಗಳಿಂದಲ್ಲ. ದಿಬ್ಬದ ಇಳುಕಲಿನಲ್ಲಿದ್ದ ಕೆಲವು ಸಣ್ಣ ಕಲ್ಲುಗಳು ಬರಿರಸ್ತೆಯ ಚಿತ್ರದಲ್ಲಿ ಮೇಲೆಯೂ, ಗುಂಡುಗಳಿರುವ ಚಿತ್ರದಲ್ಲಿ ಸ್ವಲ್ಪ ಕೆಳಗೆಯೂ ಇದ್ದುದನ್ನು ಅವರ ಸಹಾಯಕರೊಬ್ಬರು ಕಂಡುಹಿಡಿದರು. ಓಡಾಡುವವರ ಕಾಲು ತಗಲಿದ ಕಲ್ಲು ಇಳುಕಲಿನಲ್ಲಿ ಕೆಳಕ್ಕೆ ಉರುಳೀತೇ ಹೊರತು ಮೇಲಕ್ಕೆ ಹತ್ತದು. ಆದ್ದರಿಂದ ಬರಿರಸ್ತೆಯೇ ಮೊದಲು. ಸಾಂಟಾಗರು ಹೇಳಿದ ಕ್ರಮ ಸರಿ, ಹೇಳಿದ ಕಾರಣ ಮಾತ್ರ ನಿಲ್ಲದು. ಗುಂಡುಗಳನ್ನು ಯಾರು ಸರಿಸಿದರು, ಏತಕ್ಕೆ ಸರಿಸಿದರು ಎಂಬುದಕ್ಕೆ ಆ ಕಲ್ಲುಗಳ ಬಳಿಯಲ್ಲೂ ಉತ್ತರವಿಲ್ಲ. ಅಭಾವವನ್ನು ನಿರ್ಣಯಿಸಿದ್ದು ಅಭಾವವಲ್ಲ, ಯಾರೂ ಗಮನಿಸದೆ ಇದ್ದ ಕೆಲವು ಭಾವಪದಾರ್ಥಗಳೆಂಬುದನ್ನು ನೈಯಾಯಿಕರು ಲಕ್ಷ್ಯದಲ್ಲಿಡಬೇಕು.

ಫೆಂಟನ್ನನ ರಸ್ತೆಯಲ್ಲಿ ಕೊನೆಗೂ ಬರಿದಾದದ್ದು ಬರಿದಾಗಿಯೇ ಇತ್ತು. ಅದಕ್ಕಿಂತ ಘೋರವಾದದ್ದು ಬರಿದನ್ನು ತುಂಬಿಬಿಡುವ ವಿದ್ಯೆ. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ನಡೆದು ಬರುವಾಗ ಪಕ್ಕದಲ್ಲಿ ಗುಪ್ತಪೋಲೀಸಿನ ಮುಖ್ಯಾಧಿಕಾರಿ ನಿಕೊಲಾಯ್ ಯೆಝೋವ್ ಇದ್ದ ಒಂದು ಚಿತ್ರವಿದೆ. ಸಾವಿರಾರು ಜನರನ್ನು ಸಾವಿಗೆ ಕಳುಹಿಸಿದ ಆ ಯೆಝೋವನಿಗೇ 1940ರಲ್ಲಿ ಮರಣದಂಡನೆಯಾಯಿತು. ಅನಂತರದ ಪ್ರತಿಗಳಲ್ಲಿ ಅವನಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರು ತಿಳಿಯಾಗಿ ಹರಿಯುತ್ತಿದೆ. ಮೊದಲಿನ ಚಿತ್ರವನ್ನು ಕಾಣದವನು ಇದನ್ನು ನೋಡಿ, ಇಲ್ಲಿ ಯಾರೋ ಇಲ್ಲ ಎನ್ನುವುದಿಲ್ಲ. ಇಲ್ಲಿ ನೀರಿದೆ ಎನ್ನುತ್ತಾನೆ. ಡೇವಿಡ್ ಕಿಂಗ್ ಎಂಬ ಆಂಗ್ಲೇಯರು ಇಂಥ ತಿದ್ದಿದ ಚಿತ್ರಗಳನ್ನು ಅವುಗಳ ಮೂಲಗಳೊಡನೆ ಹಲವು ವರ್ಷ ಸಂಗ್ರಹಿಸಿ 1997ರಲ್ಲಿ ಪುಸ್ತಕವಾಗಿ ಹೊರತಂದರು. ಯೆಝೋವನಂಥವನಿಗಾಗಿ ಮರುಗಬೇಕಾದ್ದಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಅವನನ್ನು ಅಳಿಸಿದವರು ಅವನ ಪಾಪವನ್ನು ತೊಳೆಯಲಿಲ್ಲ. ಅವನೊಡನೆ ನಡೆದ ತಮ್ಮ ಹೆಜ್ಜೆಗಳನ್ನು ತೊಳೆದರು.

ಇದಕ್ಕೆ ಎದುರಾದ ಒಂದು ಸಂಗತಿ ನಮ್ಮ ನಾಡಿನದೇ ಇದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೇನೆಯ ಅಧಿಕಾರಿಯು 1856ರ ಸುಮಾರಿನಲ್ಲಿ ಹಂಪೆಯ ಹಾಳುಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದನು. ಅವು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಅದೇ ನಿಲುವುಗಳಲ್ಲಿ ನಿಂತು ಹೊಸ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗಲೇ ನಡುವಿನ ಕಾಲದಲ್ಲಿ ಯಾವುದು ಬಿತ್ತು, ಯಾವುದನ್ನು ದುರಸ್ತು ಮಾಡಿದರು ಎಂಬುದು ತಿಳಿಯುತ್ತದೆ. ಹಳೆಯ ಕಾಗದವು ಇಲ್ಲದಿದ್ದರೆ ಇಂದಿನ ಮುರುಕು ಮಂಟಪವು ಎಂದಿನಿಂದಲೂ ಹಾಗೆಯೇ ಇದ್ದಂತೆ ತೋರುತ್ತಿತ್ತು. ಕಳೆದುಕೊಂಡದ್ದನ್ನು ಕಳೆದುಕೊಂಡೆವೆಂದು ತಿಳಿಯುವುದಕ್ಕೂ ಒಂದು ಪ್ರಮಾಣ ಬೇಕು.

ಇನ್ನು ಒಂದು ಪೂರ್ವಪಕ್ಷ ಉಳಿದಿದೆ. ಎಲ್ಲ ಚಿತ್ರವೂ ಬಿಡುವಿಕೆಯೇ ತಾನೆ? ಯಂತ್ರವನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಉಳಿದ ಮೂರು ದಿಕ್ಕುಗಳು ಬಿಟ್ಟುಹೋದವು. ಮದುವೆಯ ಚಿತ್ರದಲ್ಲಿ ಸಾಲಗಾರನೂ ಅಡಿಗೆಯವನೂ ಕಾಣುವುದಿಲ್ಲ. ಹಾಗಾದರೆ ಸ್ಟಾಲಿನ್ನನ ಕುಂಚಕ್ಕೂ ಊರ ಸ್ಟುಡಿಯೋದವನ ಆಯ್ಕೆಗೂ ಭೇದವೇನು? ಭೇದವುಂಟೆಂದು ನನ್ನ ಅಭಿಪ್ರಾಯ. ಚಿತ್ರಕ್ಕೆ ನಾಲ್ಕು ಅಂಚುಗಳಿವೆ; ಇಲ್ಲಿಂದಾಚೆಗೆ ನನಗೆ ಗೊತ್ತಿಲ್ಲವೆಂದು ಆ ಅಂಚುಗಳು ತಾವೇ ಸಾರುತ್ತವೆ. ಅಂಚಿನ ಹೊರಗಿರುವುದು ಇಲ್ಲವೆಂದು ಅವು ಹೇಳುವುದಿಲ್ಲ. ಅಂಚಿನ ಒಳಗೆ, ಕಾಣತಕ್ಕ ಜಾಗದಲ್ಲಿ, ಇದ್ದವನನ್ನು ತೆಗೆದು ನೀರು ತುಂಬಿದರೆ ಯೋಗ್ಯತೆಯನ್ನೇ ಮೋಸಕ್ಕೆ ಉಪಯೋಗಿಸಿದಂತಾಯಿತು. ಇದ್ದಿದ್ದರೆ ಕಾಣುತ್ತಿತ್ತು ಎಂಬ ನಮ್ಮ ನ್ಯಾಯವಾದ ನಂಬಿಕೆಯೇ ಅಲ್ಲಿ ಸುಳ್ಳಿನ ಕೈಗೆ ಸಿಕ್ಕಿದ ಆಯುಧ. ನೆಗೆಟಿವ್ ಎಂಬುದೊಂದು ಪೆಟ್ಟಿಗೆಯಲ್ಲಿ ಇದ್ದಷ್ಟು ಕಾಲ ಈ ಸುಳ್ಳಿಗೆ ಒಂದು ಅಂಜಿಕೆಯಿತ್ತು. ಪ್ರತಿಯನ್ನು ತಿದ್ದಿದರೂ ಮೂಲವು ಎಲ್ಲೋ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಿತ್ತು. ಇಂದು ಹುಡುಗರ ಕೈಯಲ್ಲಿರುವ ಮೊಬೈಲು ಬೆರಳಿನ ಒಂದು ಸವರುವಿಕೆಯಿಂದ ಚಿತ್ರದೊಳಗಿನ ಮನುಷ್ಯನನ್ನು ಅಳಿಸಿ, ಅವನ ಹಿಂದೆ ಇರಬಹುದಾಗಿದ್ದ ಗೋಡೆಯನ್ನೋ ಗಿಡವನ್ನೋ ತಾನೇ ಊಹಿಸಿ ತುಂಬುತ್ತದೆ. ಮೂಲವನ್ನು ಉಳಿಸುವುದೂ ಬಿಡುವುದೂ ಅವರವರ ಮನಸ್ಸಿಗೆ ಸೇರಿದ್ದು. ಮನೆಮನೆಯ ಚಿತ್ರಸಂಪುಟಗಳಲ್ಲಿ ಮುನಿಸಿಕೊಂಡ ನಾದಿನಿಯನ್ನು ಹಿಂದೆ ಕತ್ತರಿಯಿಂದ ತೆಗೆಯುತ್ತಿದ್ದರು; ಹೆಗಲ ಮೇಲೆ ಅವಳ ಕೈಬೆರಳಾದರೂ ಉಳಿಯುತ್ತಿತ್ತು. ಆ ಒರಟು ಕತ್ತರಿಯು ಇದಕ್ಕಿಂತ ಸತ್ಯವಂತವಾಗಿತ್ತೆಂದು ನನಗೆ ತೋರುತ್ತದೆ.

ಬೆರಳಿನ ಮಾತು ಬಂದದ್ದರಿಂದ ಇನ್ನೊಂದು ವೃತ್ತಾಂತ. ಅಮೆರಿಕದಲ್ಲಿ ದಾರಿದ್ರ್ಯವು ಮೇರೆಮೀರಿದ್ದ ಕಾಲದಲ್ಲಿ, 1935ರಿಂದ, ರಾಯ್ ಸ್ಟ್ರೈಕರ್ ಎಂಬುವರ ಕೈಕೆಳಗೆ ಸರ್ಕಾರವು ಛಾಯಾಗ್ರಾಹಕರನ್ನು ಹಳ್ಳಿಗಾಡಿಗೆ ಕಳುಹಿಸಿತು. ಅವರಲ್ಲೊಬ್ಬರಾದ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ, ಮಕ್ಕಳನ್ನು ಅವಚಿಕೊಂಡು ಕುಳಿತ ಒಬ್ಬ ಕೂಲಿಯ ತಾಯಿಯ ಚಿತ್ರವನ್ನು ತೆಗೆದರು, ಅದು ಲೋಕಪ್ರಸಿದ್ಧವಾಯಿತು. ಚಿತ್ರದ ಕೆಳಮೂಲೆಯಲ್ಲಿ ಡೇರೆಯ ಕಂಬವನ್ನು ಹಿಡಿದ ಒಂದು ಹೆಬ್ಬೆರಳು ಮಾತ್ರ ಕಾಣುತ್ತಿತ್ತು. ಅದು ಕಣ್ಣನ್ನು ಸೆಳೆಯುತ್ತದೆಂದು ಲ್ಯಾಂಗ್ ಕೆಲವು ವರ್ಷಗಳ ಬಳಿಕ ನೆಗೆಟಿವಿನಲ್ಲೇ ಅದನ್ನು ಅಳಿಸಿಸಿದರು. ಹೀಗೆ ಮಾಡಿದ್ದು ಸತ್ಯಕ್ಕೆ ಅಪಚಾರವೆಂದು ಸ್ಟ್ರೈಕರರಿಗೆ ಅಸಮಾಧಾನವಾಯಿತು. ಆದರೆ ಅದೇ ಸ್ಟ್ರೈಕರರು ತಮಗೆ ಒಪ್ಪಿಗೆಯಾಗದ ನೆಗೆಟಿವುಗಳಿಗೆ, ಟಿಕೆಟ್ಟಿಗೆ ತೂತು ಹಾಕುವಂತೆ, ಗುಂಡನೆಯ ರಂಧ್ರವನ್ನು ಹೊಡೆಸುತ್ತಿದ್ದರು. ಅಂಥವುಗಳಿಗೆ ‘ಕೊಂದವು’ ಎಂದು ಕಚೇರಿಯಲ್ಲಿ ಹೆಸರಿತ್ತು. ಛಾಯಾಗ್ರಾಹಕರು ಗೊಣಗಿದರು, ಆಕ್ಷೇಪಿಸಿದರು; ಕೆಲವು ವರ್ಷಗಳ ಮೇಲೆ ಆ ಪದ್ಧತಿ ನಿಂತಿತು.

ಆ ಸಂಗ್ರಹದ ಸುಮಾರು 1,75,000 ನೆಗೆಟಿವುಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಕೊಂದವುಗಳನ್ನೂ ಅಲ್ಲಿ ಎಸೆದಿಲ್ಲ. ಅವುಗಳಿಂದಲೂ ಚಿತ್ರಗಳನ್ನು ಇಳಿಸಿದ್ದಾರೆ. ರಂಧ್ರವಿರುವಲ್ಲಿ ಫಿಲ್ಮೇ ಇಲ್ಲದಿರುವುದರಿಂದ ಬೆಳಕು ತಡೆಯಿಲ್ಲದೆ ಹಾಯ್ದು, ಇಳಿಸಿದ ಪ್ರತಿಯಲ್ಲಿ ಅಚ್ಚಕಪ್ಪಾದ ಒಂದು ಬಿಲ್ಲೆ ಮೂಡುತ್ತದೆ. ಕೆಲವು ಪ್ರತಿಗಳಲ್ಲಿ ಆ ಬಿಲ್ಲೆಯು ಆಕಾಶದಲ್ಲಿ ಕರಿಯ ಸೂರ್ಯನಂತೆ ನಿಂತಿದೆ. ಕೆಲವುದರಲ್ಲಿ ಉತ್ತ ಹೊಲದ ಮೇಲಿದೆ. ಕೆಲವುದರಲ್ಲಿ ಒಬ್ಬ ರೈತನ ಮುಖದ ಮೇಲೆ.